ಹೋಗಿಬಂದವ್ವನ ಕಟ್ಟೆ

ಫಕೀರಪ್ಪ ಮೊದಲ ಸಲ ಊರು ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ ಎನ್ನುತ್ತಾರೆ ಬನ್ನಿದಿನ್ನಿಯ ಹಿರಿಯರು. ನಡೆದದ್ದು ಈಗ ಹೋಗಿಬಂದವ್ವನ ಕಟ್ಟೆ ಇರುವ ಜಾಗದಿಂದಲೇ. ಘಟಪ್ರಭೆಯ ದಂಡೆಯ ಈ ಊರಿಗೆ ಇಂದು ಯಾರೇ ಬಂದಿಳಿದರೂ ಬಸ್ಸಿನ ಮೆಟ್ಟಿಲ ಮೇಲಿಂದಲೇ ಆ ಕಟ್ಟೆ ಕಾಣುತ್ತದೆ. ಒಂದು ಬೇವಿನ ಮರ, ಅದರ ಬುಡಕ್ಕೊಂದು ಅಗಲವಾದ ಹಾಸುಗಲ್ಲು, ಬೆನ್ನಿಗೆ ಸುಣ್ಣ ಬಳಿದ ಎತ್ತರದ ಗೋಡೆ. ಗೋಡೆಯ ತುಂಬ, ಬುಡದಿಂದ ನೆತ್ತಿಯವರೆಗೆ, ನೀಲಿ ಬಣ್ಣದ ಹೂಕುಂಡಗಳು ತೂಗುತ್ತವೆ. ಹತ್ತಿರ ಹೋಗಿ ನೋಡಿದರೆ ಹೆಚ್ಚಿನವು ಶೇಂಗಾ ಎಣ್ಣೆಯ ಹಳೆಯ ಡಬ್ಬಿಗಳು. ಮೂಲೆಯಲ್ಲಿ ಒಂದು ಉದ್ದನೆಯ ಬಿದಿರು ಗಳ ಒರಗಿರುತ್ತದೆ, ಅದರ ತುದಿಗೆ ತಂತಿಯಿಂದ ಬಿಗಿದ ಸಣ್ಣ ತಗಡಿನ ಡಬ್ಬಿ. ಪರ ಊರಿಗೆ ಹೊರಟವರು ಆ ಡಬ್ಬಿಯನ್ನು ಪಕ್ಕದ ಕಲ್ಲುಬಾನಿಯ ನೀರಿನಲ್ಲಿ ಅದ್ದಿ, ಗಳ ಎತ್ತಿ, ಮೇಲಿನ ಒಂದು ಕುಂಡಕ್ಕೆ ನೀರು ಹನಿಸಿಯೇ ಬಸ್ಸು ಹತ್ತುವುದು. ಅದಕ್ಕೂ ಮೊದಲು ಓಣಿಯೊಳಗಿನ ಯಾವಳಾದರೂ ಗಂಡ ಸತ್ತ ಹೆಣ್ಣುಮಗಳನ್ನು ಕರೆದು, ಎದುರಿಗೆ ನಿಲ್ಲಿಸಿಕೊಂಡು, ಅವಳ ಮುಖ ನೋಡಿ ಕಾಲು ಎತ್ತಿಡುತ್ತಾರೆ. ಉಳಿದ ಊರುಗಳಲ್ಲಿ ಪಯಣಕ್ಕೆ ಹೊರಟವರು ಯಾರನ್ನು ಕಂಡರೆ ತಿರುಗಿ ಮನೆಗೆ ಹೋಗಿ ಕೂರುತ್ತಾರೋ, ಅವರನ್ನೇ ಇಲ್ಲಿ ಕರೆತರುತ್ತಾರೆ. ಬಂದವರು ಹುಬ್ಬೇರಿಸಿ ಕೇಳಿದರೆ ಹಿರಿಯರು ಹಾಸುಗಲ್ಲಿನ ಮೇಲೆ ಜಾಗ ಮಾಡಿಕೊಟ್ಟು ಈ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ವಿಮಾನದ ಸದ್ದಿಗೆ ಊರಿಗೆ ಊರೇ ಹೊರಬಂದು ಮುಗಿಲು ನೋಡುತ್ತಿದ್ದ ಕಾಲದಲ್ಲಿ, ಈ ಗೋಡೆಯ ಹಿಂದಿನ ಮನೆಯಲ್ಲಿ ಕಾಶವ್ವ ಎಂಬವಳಿದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ. ಮೈದುನರು ಮನೆ ಪಾಲು ಮಾಡಿಕೊಂಡಾಗ ಅಂಗಳ, ಬಾವಿ, ತುಳಸಿಕಟ್ಟೆ ಅವರ ಕಡೆಗೆ ಹೋದವು. ಇವಳಿಗೆ ಸಿಕ್ಕಿದ್ದು ಬೀದಿ ಕಡೆಯ ಒಂದು ಕೋಣೆ ಮತ್ತು ಈ ಬೋಳು ಗೋಡೆ. ಅದಕ್ಕೇ ಆತು ಚಹಾದ ಒಲೆ ಹಾಕಿಕೊಂಡಳು. ಅವಳು ಸುಟ್ಟ ಜೋಳದ ರೊಟ್ಟಿಗೆ ಸುತ್ತಲೂ ಹೆಸರಿತ್ತು. ಆದರೆ ಯಾರಾದರೂ ಗಂಟುಮೂಟೆ ಹಿಡಿದು ಬಸ್ಸಿಗೆ ಬರುವುದು ಕಂಡರೆ ಸಾಕು, ತಾನಾಗಿಯೇ ಗೋಡೆಯ ಮರೆಗೆ ಸರಿಯುತ್ತಿದ್ದಳು. ಹೊರಟವರಿಗೆ ತಾನು ಅಪಶಕುನವಾಗಬಾರದೆಂದು. ಯಾರೂ ಹೇಳಬೇಕಾಗಿರಲಿಲ್ಲ, ಅಷ್ಟು ಅಭ್ಯಾಸವಾಗಿತ್ತು.

ಫಕೀರಪ್ಪನಿಗೆ ಮೂರನೆಯ ಇಯತ್ತೆಗೇ ಸಾಲಿ ಸಾಕಾಗಿತ್ತು. ಕಾಲೊಳಗೆ ಗಾಲಿ ಇಟ್ಟುಕೊಂಡು ಹುಟ್ಟಿದವನು ಎಂದು ಅವರವ್ವನೇ ಬೈಯುತ್ತಿದ್ದಳಂತೆ. ಕಾರಹುಣ್ಣಿಮೆಯ ಮರುದಿನ ಅವನು ಒಂದು ಅಂಗಿ, ಒಂದು ಹಿಡಿ ಪುಟಾಣಿ ಕಡಲೆ ಕಟ್ಟಿಕೊಂಡು ಹೊರಟಾಗ, ಗೋಡೆಯ ಮರೆಗೆ ಸರಿದ ಸೀರೆಯ ಸೆರಗು ಕಣ್ಣಿಗೆ ಬಿತ್ತು. ಬಾಯಾರಿತ್ತು, ಶಕುನದ ಗೊಡವೆ ಅವನಿಗಿರಲಿಲ್ಲ. "ಚಿಗವ್ವಾ, ಅಡಗಿಕೊಂಡ್ರ ನೀರು ಯಾರು ಕೊಡ್ತಾರ? ಹೊರಗ ಬಾ" ಎಂದು ಕೂಗಿದ. ಕಾಶವ್ವ ತಂಬಿಗೆ ಹಿಡಿದು ಬಂದಳು. "ಲೇ ತಮ್ಮಾ, ನನ್ನ ಮಾರಿ ನೋಡಿ ಹೊಂಟಿದ್ದಿ, ಏನರ ಆದ್ರ ನನ್ನ ತಲಿಗೆ ಬರ್ತದ" ಎಂದಳು. ಅವನು ನೀರು ಕುಡಿದು, ಬಾಯಿ ಒರೆಸಿಕೊಂಡು ಹೋಗಿಯೇಬಿಟ್ಟ. ಲಾರಿಯಲ್ಲಿ ಕ್ಲೀನರ್ ಆದ, ಗೋವಾದಲ್ಲಿ ಖಾನಾವಳಿಯ ಪಾತ್ರೆ ತೊಳೆದ, ಕಡೆಗೆ ಹಡಗಿನ ಅಡುಗೆಮನೆ ಸೇರಿದ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಊರಿಗೆ ಬಂದಾಗಲೆಲ್ಲ ಮೊದಲು ನಿಲ್ಲುತ್ತಿದ್ದುದು ಕಾಶವ್ವನ ಒಲೆಯ ಮುಂದೆ. "ನೋಡು ಚಿಗವ್ವಾ, ಏನೂ ಆಗಿಲ್ಲ" ಎಂದು ಎರಡೂ ಕೈ ಚಾಚಿ ತೋರಿಸುವನು. ಅವಳು ಬೆರಳು ಎಣಿಸಿದಂತೆ ಮಾಡಿ ನಗುವಳು.

ಒಮ್ಮೆ ಅವನು ಬಂದಾಗ ಸ್ಪೇನ್ ದೇಶದ ಸುದ್ದಿ ತಂದ. ಹಡಗು ರಿಪೇರಿಗೆಂದು ಕಾದಿಸ್ ಬಂದರದಲ್ಲಿ ನಿಂತಾಗ, ಜೊತೆಗಾರ ಖಲಾಸಿ ರಫಾಯೆಲ್ ಅವನನ್ನು ತನ್ನ ಊರು ಕೊರ್ದೋಬಾಕ್ಕೆ ಕರೆದೊಯ್ದಿದ್ದನಂತೆ. ಇದೇ ಕಟ್ಟೆಯ ಮೇಲೆ ಕುಳಿತು ಅವನು ಆ ಊರನ್ನು ಬಣ್ಣಿಸಿದ. ಹೊಳೆಯ ಮೇಲೆ ರೋಮನ್ನರ ಕಾಲದ ಸೇತುವೆ. ಹಿಂದೆ ಮಸೀದಿಯಾಗಿದ್ದು ಮುಂದೆ ಚರ್ಚಾದ ಒಂದು ದೊಡ್ಡ ಗುಡಿ, ಒಳಹೊಕ್ಕರೆ ಕಂಬಗಳ ಕಾಡು, ಕೆಂಪು ಬಿಳಿ ಪಟ್ಟೆಯ ಕಮಾನುಗಳು. ಅರಿವೆ ಅಂಗಡಿಯ ಗುರುಸಿದ್ದಪ್ಪ ಸಾವಕಾರ ಅಲ್ಲೇ ಚಹಾ ಕುಡಿಯುತ್ತಿದ್ದ. ಅವನಿಗೆ ತಾಲೂಕಿನಲ್ಲೇ ಮೊದಲು ವಿಮಾನ ಹತ್ತಿದವನೆಂಬ ಹೆಸರು ಬೇಕಾಗಿತ್ತು. "ಹೋಗೂಣು. ಎರಡು ದಿನ ಊರು ನೋಡಿ ಬರೂಣು. ನೀನ ದಾರಿ ತೋರಿಸು" ಎಂದುಬಿಟ್ಟ. ನಿವೃತ್ತ ಹಣಮಂತರಾವ ಮಾಸ್ತರರೂ ತಯಾರಾದರು.

ಆ ಚಳಿಗಾಲವೆಲ್ಲ ಕಟ್ಟೆಯ ಮೇಲೆ ಎರಡು ದಿನದ ಪ್ರವಾಸದ ಚರ್ಚೆ. ಮಾಸ್ತರರು ಸುಣ್ಣದ ಕಡ್ಡಿಯಿಂದ ಹಾಸುಗಲ್ಲಿನ ಮೇಲೆ ಹೊಳೆಯ ಬಾಗು, ಸೇತುವೆ, ಗುಡಿ ಬರೆದರು. ಮೊದಲ ದಿನ ಬೆಳಗಿನ ತಂಪಿನಲ್ಲಿ ಸೇತುವೆ ದಾಟಿ ನಡೆದೇ ಊರು ಹೊಗುವುದು, ಜನ ಸೇರುವ ಮೊದಲು ಕಂಬಗಳ ಗುಡಿ ನೋಡುವುದು, ಮಧ್ಯಾಹ್ನ ಬಿಸಿಲು ಭಾಳ, ಅಲ್ಲಿಯವರಂತೆ ಮಲಗುವುದು, ಸಂಜೆಗೆ ಓಣಿ ಸುತ್ತುವುದು ಎಂದು ಫಕೀರಪ್ಪ ಹೇಳಿದ. ಹೋಗುವುದಾದರೆ ಮೇ ತಿಂಗಳಲ್ಲೇ ಹೋಗಬೇಕು ಎಂದೂ ಹೇಳಿದ. ಆಗ ಅಲ್ಲಿ ಮನೆಮನೆಯ ಅಂಗಳದ ಬಾಗಿಲು ತೆರೆದಿರುತ್ತದೆ. ಬಿಳಿ ಗೋಡೆಗೆಲ್ಲ ಹೂಕುಂಡ ತೂಗುಬಿಟ್ಟು, ಹಾದಿಹೋಕರನ್ನೂ ಒಳಗೆ ಬಿಟ್ಟು ತೋರಿಸುತ್ತಾರೆ. ಎರಡನೆಯ ದಿನವೆಲ್ಲ ಅದಕ್ಕೇ ಬೇಕು. ಸಾವಕಾರ ಬಾಯಿ ತುಂಬ ನಕ್ಕ. "ಹೂವಿನ ಕುಂಡ ನೋಡಾಕ ಸಮುದ್ರ ದಾಟಬೇಕೇನು? ಆ ದಿನ ಬ್ಯಾರೆ ಯಾವುದರ ಕೋಟಿ-ಕಿಲ್ಲೆ ನೋಡೂಣು." ಕಪ್ಪು ತೊಳೆಯುತ್ತಿದ್ದ ಕಾಶವ್ವನ ಕೈ ಮಾತ್ರ ನಿಂತಿತು. ಎಲ್ಲರೂ ಎದ್ದು ಹೋದ ಮೇಲೆ ಅವಳು ಕೇಳಿದಳು: "ಫಕೀರ್ಯಾ, ಯಾರನ್ನಾದರೂ ಒಳಗ ಬಿಡ್ತಾರೇನು? ನನ್ನಂಥಾಕಿನ್ನೂ?" ರಫಾಯೆಲ್ಲನ ತಾಯಿ ರೆಮೆದಿಯೊಸ್ ಕೂಡ ಗಂಡ ಸತ್ತವಳೇ, ಹಬ್ಬದಲ್ಲೂ ಕರೀ ಅರಿವೆ ತೊಟ್ಟು ಬಾಗಿಲಲ್ಲಿ ನಿಂತು ಬಂದವರನ್ನು ಕೈಹಿಡಿದು ಕರೆಯುವವಳೇ ಅವಳು ಎಂದು ಫಕೀರಪ್ಪ ಹೇಳಿದ. ಕಾಶವ್ವ ತೊಳೆದ ಕಪ್ಪನ್ನೇ ಮತ್ತೆ ತೊಳೆದಳು. ಅವಳನ್ನೂ ಕರೆದೊಯ್ಯಬೇಕೆಂದು ಫಕೀರಪ್ಪ ಆಗಲೇ ನಿಶ್ಚಯಿಸಿದ. ಮರುದಿನ ಸಾವಕಾರನ ಮುಂದೆ ಒಂದು ಮಾತು ಒಗೆದ: ಆ ದೇಶದಲ್ಲಿ ಮಾಂಸ ಹಾಕದ ಕೂಳು ಸಿಗುವುದು ದುರ್ಲಭ, ತಾನು ಹಡಗಿನ ಅಡುಗೆಯವ, ಜೋಳದ ರೊಟ್ಟಿ ಬಡಿಯಲು ಬಾರದು. ಸಾವಕಾರನ ಮುಖ ಸಣ್ಣದಾಯಿತು. ರೊಟ್ಟಿಗೆಂದು ಕಾಶವ್ವನೂ ಬರುವುದೆಂದು ಠರಾವಾಯಿತು, ಟಿಕೀಟು ಪಾಸ್‌ಪೋರ್ಟು ಸಾವಕಾರನೇ ಮಾಡಿಸಿ, ದಾರಿ ಬಲ್ಲವನೆಂದು ಫಕೀರಪ್ಪನ ಕೈಗೆ ಕೊಟ್ಟ.

ಮಾಸ್ತರರು ಪಂಚಾಂಗ ನೋಡಿ ಮೇ ತಿಂಗಳ ಒಂದು ಅಮೃತ ಗಳಿಗೆ ಇಟ್ಟರು. ಊರೆಲ್ಲ ಕಟ್ಟೆಯ ಮುಂದೆ ನೆರೆಯಿತು. ಆ ಬಸ್ಸು ಹಿಡಿದರೆ ಬಾಗಲಕೋಟೆಯಲ್ಲಿ ರೈಲು, ರೈಲು ಹಿಡಿದರೆ ಮುಂಬಯಿಯಲ್ಲಿ ವಿಮಾನ. ಒಂದು ತಪ್ಪಿದರೆ ಎಲ್ಲ ತಪ್ಪಿದಂತೆ. ಸಾವಕಾರ ಮಾಲೆ ಹಾಕಿಸಿಕೊಂಡು, ಬಲಗಾಲು ಎತ್ತಿ ಬಸ್ಸಿನ ಮೆಟ್ಟಿಲಿಗೆ ಇಡಬೇಕು, ಅಷ್ಟರಲ್ಲಿ ಎದುರಿನ ಕೋಣೆಯಿಂದ ಕಾಶವ್ವ ರೊಟ್ಟಿಯ ಗಂಟು, ಶೇಂಗಾಹಿಂಡಿಯ ಡಬ್ಬಿ ಹೊತ್ತು ನೇರ ಅವನ ಮುಂದೆಯೇ ಬಂದಳು. ಹೊರಡುವವರನ್ನು ಕಂಡು ಮರೆಗೆ ಸರಿಯುವುದನ್ನು ಆ ದಿನ ಮೊದಲ ಸಲ ಮರೆತಿದ್ದಳು, ಹೊರಡುವವಳು ತಾನೂ ಆಗಿದ್ದಳಲ್ಲ. ಸಾವಕಾರನ ತಾಯಿ ಎದೆ ಬಡಿದುಕೊಂಡಳು. "ಅಯ್ಯಯ್ಯ, ರಂಡಮುಂಡಿ ಎದುರು ಬಂದಳಲ್ಲೋ! ಇಳಿಯೋ ಮಗನ. ಮನಿಗೆ ಬಂದು ಕುಂತು, ನೀರು ಕುಡದು, ಆಮ್ಯಾಲ ಹೊಂಡು." ಮಾಸ್ತರರೂ ಮೆಲ್ಲಗೆ ಚೀಲ ಇಳಿಸಿದರು. ಫಕೀರಪ್ಪ ಕೈ ಜೋಡಿಸಿದ: "ಸಾವಕಾರ್ರ, ಆಕಿ ನಮ್ಮ ಜೋಡಿನ ಬರಾಕಿ. ದಿನಾ ಮೂರು ಹೊತ್ತು ಆಕಿ ಮಾರಿ ನೋಡೇ ಉಣ್ಣೂರಿದ್ದೀರಿ, ಈಗೇನು ಶಕುನಾ?" ಡ್ರೈವರ ಹಾರ್ನು ಹೊಡೆದ. ಸಾವಕಾರ ಬಸ್ಸನ್ನು ನೋಡಿದ, ತಾಯಿಯನ್ನು ನೋಡಿದ. ಕೆಟ್ಟವನಲ್ಲ ಅವನು, ಅಂಜಿದವನು. "ಈಗ ಬಂದೆ" ಎಂದು ಮನೆಯ ಕಡೆ ನಡೆದ, ಮಾಸ್ತರರು ಹಿಂದೆ.

ಕಾಶವ್ವ ಗಂಟನ್ನು ಎದೆಗೆ ಅವುಚಿಕೊಂಡು ಗೋಡೆಯ ಮರೆಯ ಕಡೆಗೆ ತಿರುಗಿದ್ದಳು. ಅದೇ ಸೆರಗು, ಅದೇ ಮೂಲೆ. ಫಕೀರಪ್ಪನಿಗೆ ಕಾರಹುಣ್ಣಿಮೆಯ ಮರುದಿನ ಕಣ್ಣಿಗೆ ಕಟ್ಟಿತು. "ಚಿಗವ್ವಾ, ಹೊರಗ ಬಾ. ಅವತ್ತು ನಿನ್ನ ಮಾರಿ ನೋಡಿ ಹೋದಾವ ನಾನು. ನನ್ನ ಯಾವ ಬೆರಳು ಕಡಿಮಿ ಆಗ್ಯಾವ, ಹೇಳು?" ಎಂದ. ಅವಳು ನಿಂತಳು. "ನನಗ ನಾನ ಅಪಶಕುನ ಆಗೂದಿಲ್ಲಲ್ಲೋ?" ಎಂದಳು. ಕೇಳಿದ್ದು ಅವನನ್ನೋ ತನ್ನನ್ನೋ ಯಾರಿಗೂ ತಿಳಿಯಲಿಲ್ಲ. ಉತ್ತರಕ್ಕೆ ಕಾಯದೆ ಊರಿನ ಕಣ್ಣೆದುರೇ ಬಸ್ಸಿನ ಮೆಟ್ಟಿಲು ಹತ್ತಿದಳು. ಸಾವಕಾರ ನೀರು ಕುಡಿದು ಬರುವಷ್ಟರಲ್ಲಿ ದಾರಿಯಲ್ಲಿ ಧೂಳು ಮಾತ್ರ ಉಳಿದಿತ್ತು.

ಕೊರ್ದೋಬಾದಲ್ಲಿ ಅವರು ಮೊದಲ ದಿನ ಯೋಜನೆಯ ಪ್ರಕಾರವೇ ಸೇತುವೆ ದಾಟಿದರು, ಕಂಬಗಳ ಕಾಡಿನಲ್ಲಿ ಓಡಾಡಿದರು. ಎರಡನೆಯ ದಿನ ರೆಮೆದಿಯೊಸ್‌ಳ ಮನೆಗೆ ಬಂದಾಗ ಒಳಗೆ ಹಾಡು, ಚಪ್ಪಾಳೆ, ಬಣ್ಣದ ಅರಿವೆಯ ಹೆಣ್ಣುಮಕ್ಕಳು. ಕಾಶವ್ವನ ಕಾಲು ಹೊಸ್ತಿಲ ಹೊರಗೇ ನಿಂತವು. ಮಂಗಳಕಾರ್ಯವೆಂದರೆ ಅವಳ ಜಾಗ ಯಾವಾಗಲೂ ಹೊಸ್ತಿಲ ಹೊರಗೇ. ಕರೀ ಅರಿವೆಯ ಮುದುಕಿ ಜನರ ನಡುವಿನಿಂದ ಬಂದು, ಏನೋ ಅಂದು, ಅವಳ ಕೈಹಿಡಿದು ಒಳಗೆ ಎಳೆದುಕೊಂಡಳು. ನೀರೆರೆಯುವ ಹೊತ್ತಾಗಿತ್ತು. ತುದಿಗೆ ಡಬ್ಬಿ ಕಟ್ಟಿದ ಉದ್ದನೆಯ ಗಳವನ್ನು ಅವಳ ಕೈಗೇ ಕೊಟ್ಟು, ಎಲ್ಲಕ್ಕೂ ಮೇಲಿನ ಕುಂಡವನ್ನು ಬೆರಳು ಮಾಡಿ ತೋರಿಸಿದಳು. ನಿಂತಲ್ಲಿ ನಿಲ್ಲಲಾರದ ಫಕೀರಪ್ಪ ಬಾಗಿಲಿಗೂ ಬೀದಿಗೂ ಅಲೆದಾಡಿ, "ಇನ್ನೂ ನೋಡೂದು ಭಾಳ ಐತಿ, ಚಿಗವ್ವಾ" ಎಂದು ಅವಸರ ಮಾಡಿದ. "ನೀ ತಿರುಗಾಡಿ ಬಾರೋ. ನಾ ನೋಡಾಕ ಬಂದದ್ದು ಇಲ್ಲೇ ಐತಿ" ಎಂದಳು. ಸಂಜೆ ಬಾಗಿಲು ಹಾಕುವವರೆಗೂ ಅಲ್ಲೇ ಇದ್ದಳು. ಇಬ್ಬರು ಹೆಂಗಸರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡುತ್ತ, ಒಂದೇ ತಾಟಿನಲ್ಲಿ ರೊಟ್ಟಿ ಮುರಿದುಕೊಂಡರು ಎನ್ನುತ್ತಾರೆ.

ಊರಿಗೆ ಮರಳಿದ ಮೇಲೆ ಕಾಶವ್ವ ಬೋಳು ಗೋಡೆಗೆ ಸುಣ್ಣ ಹೊಡೆದಳು, ಎಣ್ಣೆಡಬ್ಬಿಗೆ ನೀಲಿ ಬಳಿದು ಚೆಂಡುಹೂ, ಗೋರಂಟಿ ನೆಟ್ಟಳು. ಅಂಗಳವಿಲ್ಲದವಳು ಬೀದಿಯನ್ನೇ ಅಂಗಳ ಮಾಡಿಕೊಂಡಳು. ಬಹುದಿನ ಮುಖ ತಪ್ಪಿಸಿಕೊಂಡಿದ್ದ ಸಾವಕಾರ ಒಂದು ದಿನ ಕಟ್ಟೆಗೆ ಬಂದು ಕುಳಿತು, ಆ ಗುಡಿಯಲ್ಲಿ ಕಂಬ ಎಷ್ಟಿದ್ದವೆಂದು ಕೇಳಿದ. "ಎಣಿಸಲಿಲ್ಲ ಧಣಿ. ನೆಳ್ಳು ಮಾತ್ರ ತಂಪಿತ್ತು" ಎಂದು ಅವಳು ಚಹಾ ಕೊಟ್ಟಳು. ಅವನು ಕಪ್ಪು ಖಾಲಿಯಾದರೂ ಏಳಲಿಲ್ಲ. ಮುಂದೆ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಮಿರಜಕ್ಕೆ ಹೊರಟ ದಿನ, ತಾಯಿಯ ಕೈಹಿಡಿದುಕೊಂಡು ಬಂದು, ಗೋಡೆಯ ಮುಂದೆ ನಿಂತು, ಎಲ್ಲರೂ ಕೇಳುವಂತೆ ಕರೆದ: "ಕಾಶವ್ವಾ, ಎದುರು ಬಾರವಾ." ಆಪರೇಷನ್ ನೆಟ್ಟಗಾಗಿ ಆ ತಾಯಿ ಕಣ್ಣು ತೆರೆಸಿಕೊಂಡು ಬಂದಳು. ಅಂದಿನಿಂದ ಊರು ಕಾಶವ್ವ ಎನ್ನುವುದನ್ನು ಬಿಟ್ಟು ಹೋಗಿಬಂದವ್ವ ಎಂದಿತು. ಕಟ್ಟೆಗೂ ಅದೇ ಹೆಸರು ನಿಂತಿತು.

ಹಾಸುಗಲ್ಲಿನ ಮೇಲಿನ ಸುಣ್ಣದ ಗೆರೆ ಅಳಿಸಿ ಹೋಗಬಾರದೆಂದು ಯಾರೋ ಉಳಿಯಿಂದ ಕೊರೆದಿಟ್ಟಿದ್ದಾರೆ. ಆ ಹೊಳೆಯ ಬಾಗನ್ನು ಹಾವೆಂದು ತಿಳಿದು ಹೊರಗಿನವರು ಅರಿಷಿಣ ಕುಂಕುಮ ಏರಿಸುವುದೂ ಉಂಟು. ಊರವರು ಬೇಡವೆನ್ನುವುದಿಲ್ಲ. ಅದೇ ಕಲ್ಲಿನ ಮೇಲೆಯೇ ಫಕೀರಪ್ಪ ಮತ್ತೆ ಗಂಟು ಕಟ್ಟಿದ್ದು. ಆಗ ಕೊರ್ದೋಬಾದಿಂದ ಮರಳಿ ಬಂದು ಒಂದು ಹಬ್ಬ ಕಳೆದಿರಲಿಲ್ಲ, ಅಂಗಾಲು ಕೆರೆಯತೊಡಗಿತ್ತು. ಎರಡು ಅಂಗಿ ಮಡಚಿಟ್ಟ, ಶೇಂಗಾಹಿಂಡಿಯ ಡಬ್ಬಿ ಅರಿವೆಯಲ್ಲಿ ಸುತ್ತಿದ, ಹಲ್ಲಿನಿಂದ ದಾರದ ತುದಿ ಹಿಡಿದು ಗಂಟು ಬಿಗಿದ. ಬಾಯಾರಿ, "ಚಿಗವ್ವಾ" ಎಂದು ಕೂಗಲು ತಲೆ ಎತ್ತಿದರೆ, ತಂಬಿಗೆ ಹಿಡಿದ ಕಾಶವ್ವ ಆಗಲೇ ದಾರಿಯ ನಟ್ಟನಡುವೆ ಬಂದು ನಿಂತಿದ್ದಳು.