ಉದ್ದ ಕತ್ತಿನ ವಾಲ್ವು

ದ್ರವ ಆಮ್ಲಜನಕದ ಕಾರ್ಖಾನೆಯೊಂದಕ್ಕೆ ಅಧ್ಯಕ್ಷರು ಬರುವವರಿದ್ದರು. ಪೈಪುಗಳು ಕಾಣದಿರಲೆಂದು ಮ್ಯಾನೇಜರ್ ಪಟ್ಟಣಶೆಟ್ಟರು ಹೊಳೆಯುವ ಸ್ಟೀಲಿನ ಪೆಟ್ಟಿಗೆ ಮಾಡಿಸಿದರು. ವಾಲ್ವುಗಳ ಕತ್ತು ಮೊಳದುದ್ದವಿತ್ತು. ಪೆಟ್ಟಿಗೆಯ ಬಾಗಿಲು ಮುಚ್ಚಲಿಲ್ಲ.

"ಗಿಡ್ಡ ಕತ್ತಿನವು ಹಾಕಿಸಿ" ಎಂದು ಸ್ಟೋರ್ ಗುಮಾಸ್ತನಿಗೆ ಅಪ್ಪಣೆಯಾಯಿತು.

"ಸಾರ್, ಒಳಗೆ ಮೈನಸ್ ನೂರ ಎಂಬತ್ತು ಡಿಗ್ರಿ. ಕತ್ತು ಉದ್ದವಿದ್ದರೆ ಆ ಶೀತ ಸೋರಿಕೆ ತಡೆಯುವ ಮೇಲಿನ ಪ್ಯಾಕಿಂಗ್ ಮುಟ್ಟುವುದಿಲ್ಲ. ಗಿಡ್ಡವಾದರೆ ಪ್ಯಾಕಿಂಗ್ ಮರಗಟ್ಟಿ ಸೋರುತ್ತದೆ. ಹೋದ ವರ್ಷ ಹಾಗೇ ಸೋರಿ ಫಿಟ್ಟರ್ ಫಕೀರಪ್ಪನ ಬಲಗೈಯ ನಾಲ್ಕು ಬೆರಳು ಹೋದವು."

"ನನಗೆ ಪಾಠ ಬೇಡ. ಬಾಗಿಲು ಮುಚ್ಚಬೇಕು."

"ಆಯಿತು ಸಾರ್."

ಆ ಕಾರ್ಖಾನೆಯಲ್ಲೊಂದು ರೂಢಿಯಿತ್ತು. ವಾಲ್ವು ಬದಲಿಸಲು ಸಹಿ ಹಾಕಿದವರೇ ಅದನ್ನು ಮೊದಲ ಸಲ ತಿರುಗಿಸಬೇಕು. ಅಲ್ಲಿಯವರೆಗೆ ಸಹಿ ಹಾಕಿದವರೆಲ್ಲ ಫಿಟ್ಟರುಗಳೇ ಆಗಿದ್ದರಿಂದ ರೂಢಿಯ ಬಗ್ಗೆ ಮೇಲಿನವರ ತಕರಾರಿರಲಿಲ್ಲ.

ಗುಮಾಸ್ತ ಫಾರಂ ತಂದ. ಜೊತೆಗೆ ಒಂದು ಜೊತೆ ಕೈಗವಸನ್ನೂ ಮೇಜಿನ ಮೇಲಿಟ್ಟ.

"ಅಧ್ಯಕ್ಷರ ಎದುರಿಗೇ ತಿರುಗಿಸುವಿರಂತೆ ಸಾರ್. ಫೋಟೊದವನಿಗೂ ಹೇಳಿದ್ದೇನೆ. ಇವು ಫಕೀರಪ್ಪನವು. ಎಡಗೈಯದು ಚೆನ್ನಾಗಿದೆ."

ಪಟ್ಟಣಶೆಟ್ಟರು ಬಲಗೈಯದನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.

ಅಧ್ಯಕ್ಷರು ಬಂದ ದಿನ ಪೆಟ್ಟಿಗೆಗೆ ಆರು ತೂತು ಕೊರೆದಿತ್ತು. ಆರು ವಾಲ್ವುಗಳೂ ತಲೆ ಹೊರಗಿಟ್ಟುಕೊಂಡಿದ್ದವು. ಅದೇಕೆಂದು ಅವರು ಕೇಳಿದರು.

"ಕಾರ್ಮಿಕರ ಸುರಕ್ಷತೆಯಲ್ಲಿ ನಾನು ರಾಜಿಯಾಗುವವನಲ್ಲ" ಎಂದರು ಪಟ್ಟಣಶೆಟ್ಟರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಫಕೀರಪ್ಪ ಎಡಗೈಯಿಂದ ಪೆಟ್ಟಿಗೆಯನ್ನು ತಟ್ಟಿದ.