ಗಾಳಿಯಲ್ಲಿ ಬಿಗಿದ ಗಂಟು

“ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಅರ್ಧ ರಾಜ್ಯ! ತಪ್ಪಿದವನ ತಲೆ ಹುಣ್ಣಿಮೆಗೆ ನೆಲಕ್ಕೆ!”

ಏರುಗಲ್ಲಿನಲ್ಲಿ ಹೀಗೆ ಡಂಗುರ ಸಾರಿದಾಗ ಬಳೆಗಾರ ಕೊಟ್ರ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದ. ಅದು ಬರೀ ಗುಡ್ಡದ ನಾಡು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲವಿರುವ ಗಾಡಿ ಇಲ್ಲದಿದ್ದರೆ ಅಲ್ಲಿ ರಾಜನಿಗೂ ಗತಿಯಿಲ್ಲ, ಬಳೆಗಾರನಿಗೂ ಗತಿಯಿಲ್ಲ. ಗಾಡಿ ಓಡಿಸುವವನು ಅಣ್ಣ ಪಕ್ಕೀರ, ಕೆಟ್ಟರೆ ಅದರಡಿಗೆ ತೂರುವವನು ಕೊಟ್ರ. ಡಂಗುರ ಕೇಳಿದ್ದೇ ತಡ ಪಕ್ಕೀರ ಮೀಸೆ ತೀಡಿಕೊಂಡು ಅರಮನೆಗೆ ಹೋದ. ಹುಣ್ಣಿಮೆಯ ಬೆಳಗಾದರೂ ಅವನು ಬರಲಿಲ್ಲ.

ಕೊಟ್ರ ಎದ್ದುಬಿದ್ದು ಓಡಿದ. ಅರಮನೆಯ ಅಂಗಳದಲ್ಲಿ ಸೋತವರ ಸಾಲು, ಎಲ್ಲರ ಕೈಗೂ ಹಗ್ಗ. ತುದಿಯಲ್ಲಿ ಅಣ್ಣ.

“ನೀನ್ಯಾಕೋ ಬಂದೆ? ಒಂದು ಮನೆಯಿಂದ ಎರಡು ತಲೆ ಬೇಕಾ?” ಎಂದು ಪಕ್ಕೀರ ಅತ್ತ.

“ಬಿಡಿಸಿದರೆ ಎರಡೂ ಉಳೀತಾವಲ್ಲ” ಎಂದ ಕೊಟ್ರ.

ಅಂದು ಸಭೆಯಲ್ಲಿ ಅವನ ಜೊತೆ ನಿಂತವರು ಇಬ್ಬರೇ, ನೆರೆನಾಡಿನ ರಾಜಕುಮಾರ ಮತ್ತು ಒಬ್ಬ ವಜ್ರದ ವ್ಯಾಪಾರಿ. ಪದುಮಲೆ ಕೇಳಿದಳು: “ಕಿರೀಟ ಉಂಟು, ಸಿಂಹಾಸನ ಇಲ್ಲ. ತಿರುವಿನಲ್ಲಿ ಇಬ್ಬರು ಮಕ್ಕಳಲ್ಲಿ ಒಬ್ಬ ಓಡಿದರೂ ಹೂಂ ಅನ್ನುತ್ತಾನೆ, ಒಬ್ಬ ನಿಧಾನಿಸಿದರೂ ಹೂಂ ಅನ್ನುತ್ತಾನೆ. ಯಾರವನು?”

“ಹುಂಜ!” ಎಂದ ರಾಜಕುಮಾರ. ಹಗ್ಗ ಬಂತು.

ಕೊಟ್ರನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಇದು ತನ್ನ ಗಾಡಿಯ ಹೊಟ್ಟೆಯ ಮಾತಲ್ಲವೇ! “ಡಿಫರೆನ್ಷಿಯಲ್ ಅಲ್ವೇನ್ರಿ? ಒಳಗಿನ ದೊಡ್ಡ ಹಲ್ಲುಗಾಲಿಗೆ ನಾವು ಕ್ರೌನ್ ಅಂತೀವಿ, ಕಿರೀಟ. ತಿರುವಿನಾಗೆ ಎರಡು ಚಕ್ರಕ್ಕೂ ಅದರದರ ಓಟ ಕೊಡೋದು ಅದೇ.”

ಪದುಮಲೆ ಬೆಚ್ಚಿ ತಲೆಯೆತ್ತಿದಳು. “ಕಬ್ಬಿಣ ಕಬ್ಬಿಣದ ನಡುವೆ ನಿಂತು ಏಟು ತಿನ್ನುವವಳು. ಅವಳು ಗಟ್ಟಿಯಿರುವವರೆಗೆ ಮನೆಯಲ್ಲಿ ಸದ್ದಿಲ್ಲ. ಹೊರಡು ಎಂದರೆ ಬೆಂಕಿಗೂ ಹಟ ಹಿಡಿಯುತ್ತಾಳೆ, ಬಾ ಎಂದರೆ ಸೋಪಿನ ನೀರಿಗೆ ಸೋಲುತ್ತಾಳೆ. ಯಾರು?”

“ಸೊಸೆ!” ಎಂದ ವ್ಯಾಪಾರಿ. ಮನೆಯಲ್ಲಿ ಪಾಪ ಏನು ನೋಡಿದ್ದನೋ. ಅವನಿಗೂ ಹಗ್ಗ ಬಂತು.

“ಡಿಫರೆನ್ಷಿಯಲನ್ನ ಗಾಡಿಗೆ ಹಿಡಿದಿರೋ ರಬ್ಬರ್ ಬಳೆ, ಬುಷ್” ಎಂದ ಕೊಟ್ರ. “ಸವೆದ್ರೆ ಗಾಡಿ ಹೊರಡುವಾಗ ದಡ್ ಅನ್ನುತ್ತೆ. ಹಳೇದು ಕಚ್ಚಿಕೊಂಡಿರುತ್ತೆ, ಸುಟ್ಟರೂ ಜಪ್ಪಯ್ಯ ಅನ್ನಲ್ಲ. ಹೊಸದಕ್ಕೆ ಬಿಗಿ ಬಳೆ ತೊಡಿಸಿದ ಹಾಗೆ ಸೋಪು ಹಚ್ಚಿ ರಮಿಸಬೇಕು.”

ಸಭೆ ಬಾಯಿ ಬಿಟ್ಟಿತು. ಪದುಮಲೆ ಈಗ ಒಂದು ಹೆಜ್ಜೆ ಮುಂದೆ ಬಂದಳು. “ಮೇಲೆ ಬಿಗಿದ ಗಂಟು, ನೆಲಕ್ಕೆ ಬಂದಮೇಲೆ ಹರಿಯುತ್ತದೆ. ಹರಿಯದಂತೆ ಕಟ್ಟುವುದು ಹೇಗೆ?”

“ಬ್ರಹ್ಮಗಂಟು!” ಎಂದು ದಳವಾಯಿ ತಡೆಯಲಾರದೆ ಕೂಗಿಬಿಟ್ಟ. “ಮದುವೆ ನಿಶ್ಚಯ ಆಗೋದು ಮೇಲೆ, ಹರಿಯೋದು ಇಲ್ಲಿ!” ಎಲ್ಲರೂ ಭಲೇ ಎಂದರು. ಪದುಮಲೆ ಇಲ್ಲವೆಂದು ತಲೆಯಾಡಿಸಿದಳು. ಹಗ್ಗ ಹಿಡಿದ ಭಟರು ತಮ್ಮ ದಳವಾಯಿಯನ್ನೇ ಕಟ್ಟಬೇಕಾಯಿತು. ಅದೇ ಮಾತನ್ನು ನಾಲಿಗೆಯ ತುದಿಗೆ ತಂದಿದ್ದ ಮಹಾರಾಜ ಸದ್ದಿಲ್ಲದೆ ನುಂಗಿಕೊಂಡ.

ಕೊಟ್ರ ಬೆವರು ಒರೆಸಿಕೊಂಡ. “ನಾನೂ ಹಾಗೆ ಒಂದು ಬುಷ್ ಹರಿದೀನ್ರಿ, ತಾಯಿ. ಗಾಡಿ ಎತ್ತಿಟ್ಟು, ಚಕ್ರ ಜೋತಾಡ್ತಿರುವಾಗಲೇ ಬೋಲ್ಟ್ ಬಿಗಿದೆ. ಇಳಿಸಿದ ಮೇಲೆ ಭಾರ ಬಿತ್ತು, ಬುಷ್ ತಿರುಚಿಕೊಂಡು ಹರೀತು. ಮೊದಲು ಸಡಿಲ ಬಿಡಬೇಕು. ನಾಲ್ಕೂ ಚಕ್ರ ನೆಲ ಮುಟ್ಟಿದ ಮೇಲೆ ಬಿಗೀಬೇಕು.”

“ಅಯ್ಯೋ, ಅಷ್ಟೇನಾ!” ಎಂದಳು ಪದುಮಲೆ.

ಸಭೆಗೆ ಸಿಡಿಲು ಬಡಿದಂತಾಯಿತು. “ನಿನಗೆ ಉತ್ತರ ಗೊತ್ತಿರಲಿಲ್ಲವೇ?” ಎಂದ ಮಹಾರಾಜ.

“ಇಲ್ಲ ಅಪ್ಪಾಜಿ. ಅಮ್ಮ ಬಿಟ್ಟುಹೋದ ಗಾಡಿ. ನಾನೇ ಲಾಯದಲ್ಲಿ ಬುಷ್ ಹಾಕಿದೆ. ಹಾಕಿದ್ದೆಲ್ಲ ಹರಿಯಿತು. ಬಲ್ಲವರು ಬರಲಿ ಎಂದು ಒಗಟಾಗಿ ಕೇಳಿದೆ. ತಲೆಯ ಮಾತು ನೀವು ಸೇರಿಸಿದ್ದು.” ಅವಳು ಹಗ್ಗದ ಸಾಲಿನತ್ತ ನೋಡಿ ಅತ್ತಳು. “ಬೇಡ ಅನ್ನದೆ ನಾನೂ ಬಾಯಿ ಮುಚ್ಚಿಕೊಂಡಿದ್ದೆ.”

ಆಗಲೇ ಅವಳು ಲಾಯಕ್ಕೆ ಹೋಗಿ, ಸೆರಗು ಸಿಕ್ಕಿಸಿ ಆ ಗಾಡಿಯ ಅಡಿಗೆ ತೂರಿದಳು. ಹೊಸ ಬುಷ್ ಕೂರಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಆಮೇಲೆ ಬೋಲ್ಟ್ ಬಿಗಿದಳು. ಗಾಡಿ ಗುಡ್ಡ ಹತ್ತಿ ಇಳಿಯಿತು. ದಡ್ ಎನ್ನಲಿಲ್ಲ. ಮಹಾರಾಜ ತಾನೇ ಹೋಗಿ ಹಗ್ಗಗಳನ್ನು ಬಿಚ್ಚಿದ. ಪಕ್ಕೀರ ತಮ್ಮನ ಎಣ್ಣೆಗೈ ಹಿಡಿದು ಕಣ್ಣಿಗೊತ್ತಿಕೊಂಡ.

ಕೈ ಕೊಡುವ ಮಾತು ಡಂಗುರದ್ದಾಯಿತು, ನಿಮ್ಮದೇನು ಎಂದು ಕೊಟ್ರ ಪದುಮಲೆಯನ್ನೇ ಕೇಳಿದ. ಅವಳು ನಕ್ಕು ಒಪ್ಪಿದಳು. ಮದುವೆಗೆ ಮಹಾರಾಜ ಉಯ್ಯಾಲೆಯಂತೆ ತೂಗುವ ಹೂವಿನ ಮಂಟಪ ಕಟ್ಟಿಸಿ ವಧೂವರರನ್ನು ಕೂರಿಸಿದ. ಗಟ್ಟಿಮೇಳ ಮೊಳಗಿತು. ತಾಳಿ ಹಿಡಿದ ಕೊಟ್ರ ಕೈ ತಡೆದು, ಜೋತಾಡುತ್ತಿದ್ದ ಅವಳ ಕಾಲುಗಳನ್ನು ನೋಡಿದ. ಪುರೋಹಿತರು ಗಾಬರಿಯಾದರು. ಅಷ್ಟರಲ್ಲಿ ಪದುಮಲೆ ಕೆಳಗೆ ಧುಮುಕಿ, ಅವನನ್ನೂ ಎಳೆದು ನೆಲದ ಮೇಲೆ ನಿಲ್ಲಿಸಿದಳು.

“ಈಗ ಬಿಗಿ” ಎಂದಳು.