ಹೊಂಬಾಳಮ್ಮನ ಕೂಗುಬಂಡೆ

ಮಾಗಲಹಳ್ಳಿಯಲ್ಲಿ ಹೊಳೆಗಡ್ಡ ಕಟ್ಟಿದ ಹಳೆಯ ಕಲ್ಲುಕಟ್ಟೆಯ ಕೆಳಗೆ, ಹೊಳೆಯ ಎಡದಂಡೆಯಿಂದ ನೀರಿನೊಳಕ್ಕೆ ಚಾಚಿಕೊಂಡು ಒಂದು ಕರಿಬಂಡೆ ಇದೆ. ಅದೇ ಕೂಗುಬಂಡೆ. ಯುಗಾದಿಯ ಹೊತ್ತಿಗೆ ಹೊಳೆ ಬತ್ತಿ, ಕಟ್ಟೆಯ ತೂಬಿನಿಂದ ಬೀಳುವ ನೀರಷ್ಟೇ ಕೆಳಗಿನ ಮಡುವಿನಲ್ಲಿ ತಿರುಗುತ್ತಿರುತ್ತದೆ. ದಡದ ಹೊಂಗೆಯಲ್ಲೆಲ್ಲ ಹೊಸ ಚಿಗುರು. ಮೇಲಕ್ಕೆ ಹೋಗಲು ದಾರಿಯಿಲ್ಲದ ಗೆಂಡೆ, ಬಾಳೆಮೀನುಗಳು ಮಡುವಿನಲ್ಲೇ ಕಿಕ್ಕಿರಿಯುತ್ತವೆ. ಬಂಡೆಯ ಮೇಲೆ ನಿಂತು ಕೂಗಿದರೆ ಮಾರುದನಿ ಬರುವುದರಿಂದ ಈ ಹೆಸರು ಬಂದಿರಬೇಕೆಂದು ಹೊಸಬರು ಊಹಿಸುವುದುಂಟು. ಮಾರುದನಿಯೂ ಇಲ್ಲ, ಮಣ್ಣೂ ಇಲ್ಲ! ಹೆಸರು ಬಂದದ್ದು ಒಬ್ಬ ಹೆಂಗಸಿನಿಂದ.

ಹಿಂದೆ ಒಮ್ಮೆ, ಕಟ್ಟೆ ಕಟ್ಟಿಸಿದ ಪಾಳೆಯಗಾರನ ಮೊಮ್ಮಕ್ಕಳ ಕಾಲದಲ್ಲಿ, ಈ ಮಡು ಊರಿನ ಬೆಸ್ತರದ್ದಾಗಿತ್ತು. ಮನೆಗೊಂದು ಪಾಳಿ, ಎಂದರೆ ಸರದಿಯ ಮೇಲೆ ಮಡುವಿನಲ್ಲಿ ಮೀನು ಹಿಡಿಯುವ ಹಕ್ಕು. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಿಗ್ಗೆ, ಎಲ್ಲರೂ ಒಟ್ಟಿಗೆ ಗಾಳ ಹಾಕಬೇಕು. ಮೀನು ಹಿಡಿದ ಮನೆಗೆ ಆ ವರ್ಷದ ಪಾಳಿ ಖಾಯಂ. ಆದರೆ ಒಂದು ಕಟ್ಟಳೆ ಇತ್ತು. ಮೀನನ್ನು ಒಣನೆಲದ ಮೇಲೆ ಇಡುವ ತನಕ ಯಾರೂ ತುಟಿಪಿಟಕ್ಕೆನ್ನಬಾರದು. ಸದ್ದಾದರೆ ಗಂಗಮ್ಮ ಮೀನನ್ನೆಲ್ಲ ಮಡಿಲಿಗೆ ಎಳೆದುಕೊಳ್ಳುತ್ತಾಳೆಂದು ನಂಬಿಕೆ. ಬಾಯಿಬಿಟ್ಟವನ ಪಾಳಿ ಅಲ್ಲಿಗೆ ಮುಗಿಯಿತು.

ಆ ವರ್ಷ ಹೊಂಬಾಳಮ್ಮನ ಗಂಡ ಜ್ವರ ಬಂದು ತೀರಿಕೊಂಡಿದ್ದ. "ಹೆಂಗಸಿಗೆಂಥ ಪಾಳಿ? ಅಣ್ಣಂದು ಇನ್ಮೇಲೆ ನಂದೇ" ಎಂದು ಮೈದುನ ಮರಿಕೆಂಚ ತಗಾದೆ ತೆಗೆದ. ಪಾಳಿ ಹೋದರೆ ಅವಳೂ ಅವಳ ಹೆಣ್ಣುಮಕ್ಕಳೂ ಇವನ ಜಗಲಿಯಲ್ಲಿ ಕೈಯೊಡ್ಡಿ ಕೂರಬೇಕಿತ್ತು. ಕುಲದ ಯಜಮಾನ ದ್ಯಾವಯ್ಯ ತೀರ್ಪು ಹೇಳಿದ: "ಹೊಸತೊಡಕಿಗೆ ಅವಳೂ ಬರ್ಲಿ. ಬಾಯಿ ಮುಚ್ಕೊಂಡು ಮೀನು ಹಿಡುದ್ರೆ ಪಾಳಿ ಅವಳ್ದೇ." ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಏಕೆಂದರೆ ಹೊಂಬಾಳಮ್ಮ ಅಂಥ ಬಾಯಾಳಿ! ನಿದ್ದೆಯಲ್ಲೂ ಕೋಳಿಗಳನ್ನು ಗದರಿಸುತ್ತಿದ್ದಳು ಎನ್ನುತ್ತಾರೆ.

ಹೊಸತೊಡಕಿನ ಬೆಳಿಗ್ಗೆ ಗಂಡಸರು ಕಟ್ಟೆಯ ಬುಡದಲ್ಲಿ, ಕಟ್ಟೆಗೆ ಬೆನ್ನು ಕೊಟ್ಟು, ಸೊಂಟಮಟ್ಟ ನೀರಿನಲ್ಲಿ ಸಾಲಾಗಿ ನಿಂತರು. ಹೆಂಗಸಿಗೆ ಆ ಸಾಲಿನಲ್ಲಿ ಜಾಗ ಸಿಗಲಿಲ್ಲ. ಅವಳು ಎದುರಿನ ಈ ಬಂಡೆಯ ತುದಿಗೆ ಹೋಗಿ ಕಟ್ಟೆಗೆ ಮುಖ ಮಾಡಿ ಗಾಳ ಬಿಟ್ಟಳು. ಹೊತ್ತೇರಿದರೂ ಯಾರಿಗೂ ಒಂದು ಮೀನೂ ಬೀಳಲಿಲ್ಲ. ಅಷ್ಟರಲ್ಲಿ ಅವಳ ಗಾಳದ ಕೋಲು ಬಿಲ್ಲಾಗಿ ಬಗ್ಗಿತು ನೋಡಿ! ಅಬ್ಬಬ್ಬಾ, ಬಾಳೆಮೀನು, ಆಳುದ್ದದ್ದು! ನೀರು ಸೀಳಿಕೊಂಡು ಮೇಲಕ್ಕೆ ಹಾರಿತು, ಧಡಲ್ಲನೆ ಬಿತ್ತು, ಬಂಡೆಯ ಬುಡ ಹೊಕ್ಕಿತು. 'ಬಾರೇ ನನ್ನವ್ವ, ಬಾರೇ' ಎಂಬ ಮಾತು ಗಂಟಲಿನ ತನಕ ಬಂದರೂ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಳು. ಎಳೆದಳು, ಸಡಿಲ ಬಿಟ್ಟಳು, ಮತ್ತೆ ಎಳೆದಳು. ಹುರಿ ಕೊಯ್ದು ಅಂಗೈಯಲ್ಲಿ ರಕ್ತ ಬಂತು. ಕೊನೆಗೂ ಕಿವಿರಿಗೆ ಬೆರಳು ಹಾಕಿ ಮೀನನ್ನು ಎದೆಗೆ ಅವಚಿಕೊಂಡು ಎದ್ದು ನಿಂತಳು. ಇನ್ನೊಂದು ಹೆಜ್ಜೆಯಾಚೆ ಒಣಬಂಡೆ. ಪಾಳಿ ಕೈಗೆ ಬಂದೇ ಬಿಟ್ಟಿತ್ತು.

ಆಗಲೇ ಅವಳ ಕಣ್ಣು ಕಟ್ಟೆಯ ನೆತ್ತಿಯ ಮೇಲೆ ಬಿತ್ತು. ಹಿಂದಿನ ಸಂಜೆ ದೂರದ ಗುಡ್ಡಗಳಲ್ಲಿ ಮಳೆ ಹೊಡೆದಿತ್ತು. ಊರಿನಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಕೆಂಪು ನೀರು ನೊರೆ, ಕಸಕಡ್ಡಿಗಳ ಸಮೇತ ಕಟ್ಟೆಯ ಅಂಚಿಗೆ ಬಂದು ತುಳುಕುತ್ತಿತ್ತು.

"ಓಡ್ರೋ! ಕಟ್ಟೆ ಮ್ಯಾಲೆ ನೀರು ಬಂತು ಕಣ್ರೋ!"

ಯಾರೂ ತಿರುಗಿ ನೋಡಲಿಲ್ಲ. ಮೀನು ಸಿಕ್ಕ ಹಿಗ್ಗಿಗೆ ಬಾಯಿ ಜಾರಿತೆಂದೇ ಎಲ್ಲರೂ ತಿಳಿದರು. ಗೊಳ್ಳೆಂದು ನಕ್ಕರು. ಮರಿಕೆಂಚ ನೀರಿನಲ್ಲೇ ತೊಡೆ ತಟ್ಟಿ, "ಸೋತ್ಳು! ಅತ್ಗೆಮ್ಮ ಸೋತ್ಳು!" ಎಂದು ಕುಣಿದ. ಹೊಂಬಾಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆ ಮೀನನ್ನು ಎರಡೂ ಕೈಯಲ್ಲಿ ಎತ್ತಿ, ಅವರೆಲ್ಲರ ಕಣ್ಣೆದುರೇ, ಮಡುವಿಗೆ ಎಸೆದುಬಿಟ್ಟಳು.

ನಗು ನಿಂತಿತು. ಅಂಥ ಮೀನನ್ನು ಯಾವ ಬೆಸ್ತರ ಹೆಣ್ಣೂ ಸುಮ್ಮಸುಮ್ಮನೆ ಎಸೆಯುವುದಿಲ್ಲ. ಹಿಂದಕ್ಕೆ ತಿರುಗಿ ನೋಡಿದವರೇ "ಅಯ್ಯಯ್ಯೋ" ಎಂದು ಅರಚುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ದಡಕ್ಕೆ ಓಡಿದರು. ಕಟ್ಟೆಯ ಉದ್ದಕ್ಕೂ ಕೆಂಪು ನೀರು ಧುಮುಕಿತು. ಹಿಂದೆ ಬಿದ್ದ ಮರಿಕೆಂಚನಿಗೆ ಅವಳೇ ಗಾಳದ ಕೋಲು ಚಾಚಿ ಎಳೆದುಕೊಂಡಳು.

ಉಸಿರು ತಿರುಗಿದ ಮೇಲೆ ಆ ಭೂಪ ಏನೆಂದ ಗೊತ್ತೇ? "ಪ್ರಾಣ ಉಳಿಸಿದ್ದು ಸರಿ. ಆದ್ರೂ ಕೂಗಿದ್ದು ಕೂಗಿದ್ದೇ ಅಲ್ವಾ ಯಜಮಾನ್ರೇ?"

ದ್ಯಾವಯ್ಯ ಪಂಚೆ ಹಿಂಡುತ್ತ, "ಹೌದು ಕಣಪ್ಪ. ಒಂದು ಮೀನೂ ನೆಲ ಮುಟ್ಟಿಲ್ಲ, ಕಟ್ಟಳೆ ಇನ್ನೂ ಜಾರಿಯಲ್ಲೇ ಅದೆ. ಬಾಯಿಬಿಡ್ದೆ ದಡ ಸೇರಿದೋನು ಯಾವನಿದ್ದಾನೋ ಮುಂದೆ ಬರ್ಲಿ" ಎಂದ. ಮರಿಕೆಂಚನತ್ತ ಬೆರಳು ತೋರಿಸಿ ಮುಂದುವರಿಸಿದ: "ನೀನು ತೊಡೆ ತಟ್ಟಿ ಕೂಗ್ದೆ. ನಾನು ಅವ್ವಾ ಅಂತ ಅರಚ್ದೆ. ಎಲ್ಲಾರ ಪಾಳೀನೂ ಹೋಯ್ತು. ಇನ್ನು ಹೊಸದಾಗಿ ಹಂಚ್ಬೇಕು. ಮೊದ್ಲು ಕೂಗಿದೋಳಿಗೆ ಮೊದಲನೇ ಪಾಳಿ."

"ಅಯ್ಯೋ ನನ್ನ ಮೀನೇ!" ಎಂದು ಹೊಂಬಾಳಮ್ಮ ಆಗ ಕುಸಿದು ಕೂತು, ಅಳುತ್ತಲೇ ನಕ್ಕಳಂತೆ.

ಇಂದಿಗೂ ಹೊಸತೊಡಕಿನ ಬೆಳಿಗ್ಗೆ ಹೋದವರು ನೋಡಬಹುದು. ಬೆಸ್ತರ ಮನೆಯ ಹೆಣ್ಣುಮಗಳೊಬ್ಬಳು ಕಟ್ಟೆಗೆ ಮುಖ ಮಾಡಿ ಬಂಡೆಯ ಮೇಲೆ ನಿಲ್ಲುತ್ತಾಳೆ. ಅವಳು ಗಂಟಲು ಹರಿಯುವಂತೆ ಕೂಗಿದ ಮೇಲೆಯೇ ಗಂಡಸರು ನೀರಿಗಿಳಿಯುವುದು. ಕಳೆದ ವರ್ಷ ಕೂಗಿದ ದೊಡ್ಡಮ್ಮಣ್ಣಿಯನ್ನು, ಇಷ್ಟು ಗದ್ದಲಕ್ಕೆ ಮೀನು ಓಡಿಹೋಗುವುದಿಲ್ಲವೇ ಎಂದು ಯಾರೋ ಕೇಳಿದರು.

"ಓಡಿದ್ರೆ ನಾಳೆ ಬರ್ತವೆ ಸ್ವಾಮಿ" ಎಂದಳು ಅವಳು. "ಹಿಡಿಯಕ್ಕೆ ನಾವು ಇರ್ಬೇಕಲ್ಲ?"